ಲಿಂಬಿರಸಕ್ಕೆ ಹೆದರಿದ ನೀಲಮಣಿ

ವಿಜ್ಞಾನದ ಮಾಸ್ತರನಿಗೆ ಮೋಸವಾಗಬಾರದು. ಆಯಿತೆಂದರೆ ಅಳುವಂತಿಲ್ಲ, ಯಾರಿಗೂ ಹೇಳುವಂತಿಲ್ಲ, ಸಿಟ್ಟಾಗುವುದೊಂದೇ ದಾರಿ. ನಾನು ಮೂರು ವಾರದಿಂದ ಸಿಟ್ಟಾಗಿದ್ದೇನೆ. ನೀಲಮಣಿಯೂ ಚಾಕು ಮಸೆಯುವ ಕುರುಂದವೂ ಮೂಲದಲ್ಲಿ ಒಂದೇ, ತುಸು ಕಬ್ಬಿಣ, ಟೈಟಾನಿಯಂ ಬೆರೆತರೆ ನೀಲಿ ಬರುತ್ತದೆ, ಅದಕ್ಕೂ ಶನಿಗೂ ಸಂಬಂಧವಿಲ್ಲ ಎಂದು ವರ್ಷವೂ ಬೋರ್ಡಿನ ಮೇಲೆ ಬರೆಯುವ ಮನುಷ್ಯ ನಾನು. ಆದರೆ ಹುಕ್ಕೇರಿಯ ಮನೆಯಿಂದ ಮೂಡಲಗಿಯ ಶಾಲೆಗೆ ದಿನಾ ಗೋಕಾಕದಲ್ಲಿ ಬಸ್ಸು ಬದಲಿಸಿ ನಿಂತುಕೊಂಡೇ ಹೋಗುವವನ ಸೊಂಟಕ್ಕೆ ವಿಜ್ಞಾನ ಎಷ್ಟು ದಿನ ಆಸರೆಯಾದೀತು? ವರ್ಗಾವಣೆಯ ಪಟ್ಟಿಯಲ್ಲಿ ನಾಲ್ಕನೆಯ ಸಲವೂ ಹೆಸರು ಬರಲಿಲ್ಲ.

"ಶನಿ ಕಾಡಾಕತ್ತಾನ್ರಿ, ಒಂದು ನೀಲ ಹಾಕ್ಕೋರಿ," ಎಂದಳು ಹೆಂಡತಿ ಗಿರಿಜಾ.

"ಕೊರಳಾಗ ಲಿಂಗ ಕಟ್ಟಿಕೊಂಡವರಿಗೆ ಎಲ್ಲಿ ಶನಿ?" ಎಂದು ಗುಡುಗಿದೆ.

"ಲಿಂಗ ಕೊರಳಾಗ ಐತಿ, ಉಂಗುರ ಬೆರಳಾಗ ಇರತೈತಿ. ಒಂದಕ್ಕೊಂದು ಏನ್ ಅಡ್ಡಿ?"

ಬಸ್ಸು ಬದಲಿಸುವ ಹೊತ್ತಿನಲ್ಲೇ ಗೋಕಾಕದ ಒಂದು ಅಂಗಡಿಯಲ್ಲಿ "ಸಿಲೋನ್ ಮಾಲು ರೀ ಸರ್" ಎಂದು ಕೊಟ್ಟ ಕಲ್ಲನ್ನು ತಂದೆ. ಮೂರು ದಿನ ದಿಂಬಿನಡಿ ಇಟ್ಟು, ಕೆಟ್ಟ ಕನಸು ಬೀಳದ್ದನ್ನು ಖಾತ್ರಿ ಮಾಡಿಕೊಂಡು, ಶನಿವಾರ ಬೆಳ್ಳಿಯಲ್ಲಿ ಕಟ್ಟಿಸಿ ನಡುಬೆರಳಿಗೆ ಏರಿಸಿದೆ. ತರಗತಿಯಲ್ಲಿ ಆ ಕೈ ಜೇಬಿನಿಂದ ಹೊರಬರಲೇ ಇಲ್ಲ.

ಹೀಗಿರಲು ಒಂದು ರವಿವಾರ ಗಿರಿಜಾ ಉಪ್ಪಿನಕಾಯಿಗೆಂದು ಒಂದು ಬುಟ್ಟಿ ಲಿಂಬಿಹಣ್ಣು ಮುಂದಿಟ್ಟು ಹಿಂಡಲು ಕೂರಿಸಿದಳು. ಸಂಜೆ ಕೈ ತೊಳೆದು ನೋಡುತ್ತೇನೆ, ನೀಲದ ಮೈತುಂಬ ಜೇಡರ ಬಲೆಯಂಥ ಬಿಳಿ ಗೆರೆ! "ಶನಿ ಸಿಟ್ಟಿಗೆದ್ದಾನ್ರಿ," ಎಂದು ಗಿರಿಜಾ ಎದೆ ಹಿಡಿದುಕೊಂಡಳು. ಅವನಿಗಿಂತ ಹೆಚ್ಚು ಸಿಟ್ಟು ನನಗೆ ಬಂದಿತ್ತು.

ಹುಕ್ಕೇರಿಯಲ್ಲಿ ಹರಳು ಕೂರಿಸುವ ಕಲ್ಲಪ್ಪ ಕಾಕಾ ಮಸೂರ ಹಿಡಿದು ನೋಡಿದರು. "ಮಾಸ್ತರ್ರ, ಕಲ್ಲು ಖರೇದ ಐತಿ. ಆದ್ರ ಎಲ್ಲಾ ಬಿರುಕು. ಅದರಾಗ ಸೀಸದ ಗಾಜು ಕರಗಿಸಿ ತುಂಬ್ಯಾರ. ಆ ಗಾಜನ್ನ ಲಿಂಬಿ ತಿಂದೈತಿ. ಕಲ್ಲು ಕಾಸಿ ಬಣ್ಣ ಏರಿಸೋದು ಮೊದಲಿಂದ ಐತಿ, ಹೇಳಿ ಮಾರಿದ್ರ ತಪ್ಪಲ್ಲ. ಇದನ್ನ ಹೇಳದ ಮಾರೋದು ಮೋಸರಿ."

ಮರುದಿನವೇ ಗೋಕಾಕದ ಅಂಗಡಿಗೆ ನುಗ್ಗಿದೆ. "ಗಾಜು ತುಂಬಿದ್ದನ್ನ ಯಾಕ ಹೇಳಲಿಲ್ಲ?"

ಅಂಗಡಿಯವನು ಶಾಂತವಾಗಿ ಹೇಳಿದ: "ನೀವು ಕೇಳಲಿಲ್ಲಲ್ರಿ ಸರ್. ಮೂರು ಸಲ ಬಂದ್ರಿ. ಮೂರೂ ಸಲ ಕೇಳಿದ್ದು ಒಂದ ಮಾತು, ವರ್ಗಾ ಎಷ್ಟು ದಿನಕ್ಕ ಆಗತೈತಿ ಅಂತ."

ಗಿರಾಕಿಗಳು ನಕ್ಕರು. ನನ್ನ ಮೈ ಉರಿದುಹೋಯಿತು. ಗ್ರಾಹಕನ ಹಕ್ಕಿನಿಂದ ಹಿಡಿದು ಅಲ್ಯುಮಿನಿಯಂ ಆಕ್ಸೈಡಿನವರೆಗೆ, ಗ್ರಹಗಳ ದೂರದಿಂದ ಹಿಡಿದು ಮಂದಿಯ ಮೂಢನಂಬಿಕೆಯವರೆಗೆ ಒಂದು ಪೂರ್ಣ ಪಿರಿಯಡ್ ಪಾಠ ಮಾಡಿದೆ. ಅದು ಮುಗಿಯುವ ಮೊದಲೇ ಅವನು ಹಾಳಾದ ಉಂಗುರ ತೆಗೆದುಕೊಂಡು, "ರೊಕ್ಕ ವಾಪಸ್ ಕೊಡ್ಲೋ, ಗಾಜಿಲ್ಲದ್ದು ಲ್ಯಾಬಿನ ಕಾಗದಾ ಸಮೇತ ಕೊಡ್ಲೋ?" ಎನ್ನುತ್ತ ಕಲ್ಲುಗಳ ತಟ್ಟೆ ಮುಂದಿಟ್ಟ.

ಇಡೀ ಬಜಾರಕ್ಕೆ ಕೇಳುವಂತೆ ವಿಜ್ಞಾನ ಬೋಧಿಸುತ್ತಲೇ ನಾನು, ಎಡಗೈಯಿಂದ, ಎಲ್ಲಕ್ಕಿಂತ ಗಾಢವಾಗಿದ್ದ ಒಂದು ಕಲ್ಲನ್ನು ಮೆಲ್ಲಗೆ ನನ್ನ ಬಾಜೂಕ್ಕೆ ಸರಿಸಿಟ್ಟೆ.