ಮುಖ್ಯ ಅತಿಥಿಗಳು ತಳ್ಳಿದ ತೊಗರಿ ಚೀಲ

ಶಕ್ತಿಯನ್ನು ಹುಟ್ಟಿಸಲಾಗದು, ನಾಶ ಮಾಡಲೂ ಆಗದು, ಅದು ರೂಪ ಬದಲಿಸುತ್ತದೆ ಅಷ್ಟೇ. ಕಮಲಾಪುರದ ಕಾಲೇಜಿನಲ್ಲಿ ನಾನು ವರ್ಷಾನುಗಟ್ಟಲೆ ಕಲಿಸುತ್ತ ಬಂದ ನಿಯಮ ಇದು. ನನ್ನ ಮರ್ಯಾದೆಗೆ ಮಾತ್ರ ಇದು ಲಾಗೂ ಆಗುವುದಿಲ್ಲ. ಅದು ದಿನಾಲೂ ನಾಶವಾಗುತ್ತದೆ, ಯಾವ ರೂಪದಲ್ಲೂ ತಿರುಗಿ ಬರುವುದಿಲ್ಲ. ಇಲ್ಲಿ ಬರೆದದ್ದೆಲ್ಲ ಖರೇ. ಖರೇ ಅಲ್ಲದ ಕಡೆ ಅದಕ್ಕಿಂತ ಚಂದ ಇದೆ.

ಈ ವರ್ಷ ಪ್ರಾಂಶುಪಾಲರು ನನ್ನನ್ನು ಕರೆದು ಹೇಳಿದರು: "ಸರ, ಈ ಸಲ ಸೈನ್ಸಿಗೆ ಹುಡುಗರು ತುಂಬಲಿಲ್ಲಂದ್ರ ವಿಭಾಗದ ಬಾಗಲಾ ಹಾಕೂದೇ. ನೀವು ಏನಾರ ಕೆಲಸ ಮಾಡಿ ತೋರಸ್ರಿ."

ಕೆಲಸ ಎಂದರೇನು ಎಂದು ಕಲಿಸುವವನಿಗೆ ಅಂತೂ ಒಂದು ಕೆಲಸ ಸಿಕ್ಕಿತು.

ನಿಂತ ಬಸ್ಸು

ನನ್ನ ಮನೆ ಕಲಬುರಗಿಯ ಬ್ರಹ್ಮಪುರದಲ್ಲಿ. ದಿನಾ ಬಸ್ಸಿನಲ್ಲೇ ಕಮಲಾಪುರಕ್ಕೆ ಓಡಾಟ. ಒಂದು ದಿನ ನಡುದಾರಿಯಲ್ಲಿ ಬಸ್ಸು ಕೆಮ್ಮಿ ನಿಂತಿತು. ಕಂಡಕ್ಟರ್ ಕೂಗಿದ: "ಇಳೀರಿ, ಎಲ್ಲಾರೂ ಇಳೀರಿ! ಒಂದೀಟು ತಳ್ಳಬೇಕು."

ಎಲ್ಲರೂ ಇಳಿದರು. ಹಿಂದಿನ ಸೀಟಿನಲ್ಲಿದ್ದ ನನ್ನ ವಿದ್ಯಾರ್ಥಿಗಳು ಮಾತ್ರ ಕದಲಲಿಲ್ಲ. ಹಿಂದಿನ ದಿನವಷ್ಟೇ ನಾನು ಅವರಿಗೆ ಪಾಠ ಮಾಡಿದ್ದೆ: ಎಷ್ಟೇ ಬಲ ಹಾಕಿ ತಳ್ಳಿದರೂ ವಸ್ತು ಜಾಗ ಬಿಟ್ಟು ಸರಿಯದಿದ್ದರೆ ಮಾಡಿದ ಕೆಲಸ ಸೊನ್ನೆ.

"ಇಳೀರಿಲೇ," ಅಂದೆ.

"ಈ ಬಸ್ಸು ಅಳ್ಳಾಡೂದಿಲ್ರಿ ಸರ," ಅಂದ ಒಬ್ಬ. "ಅಂದಮ್ಯಾಲ ಕೆಲಸ ಸೊನ್ನೆ. ಸೊನ್ನೆ ಕೆಲಸ ಕುಂತೂ ಮಾಡಬಹುದಲ್ರಿ."

ಕಂಡಕ್ಟರ್ ನನ್ನ ಕಡೆ ತಿರುಗಿದ. "ಇವರಿಗಿ ಇದನ್ನ ಯಾರ ಕಲಿಸ್ಯಾರ್ರಿ?"

"ನಾನೇ," ಅಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಹಂಗಾರ ನೀವು ಇಳೀರಿ ಸರ. ಅವರು ಪಾಠ ಕಲತಾರ. ಕಲಿಯೂದು ನಿಮ್ಮದೇ ಬಾಕಿ ಅದ."

ಇಳಿದು ತಳ್ಳಿದೆ. ಬಸ್ಸು ಅಲುಗಲಿಲ್ಲ. ಕಿಟಕಿಯೊಳಗಿಂದ ಹುಡುಗರು ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ, ನನಗೆ ದುಂಡನೆಯ ಸೊನ್ನೆ ತೋರಿಸುತ್ತಿದ್ದರು.

ಸಮತಟ್ಟು ದಾರಿಯ ಬಾಳೆಹಣ್ಣು

ಬಸ್ಸಿನ ಸುದ್ದಿ ನನಗಿಂತ ಮೊದಲೇ ಕಮಲಾಪುರ ಮುಟ್ಟಿತ್ತು. ಸೈನ್ಸ್ ಓದಿದರೆ ಮಕ್ಕಳು ಮೈಗಳ್ಳರಾಗುತ್ತಾರೆ ಎಂದು ಊರು ತೀರ್ಮಾನಿಸಿತು. ಅರ್ಜಿ ಒಯ್ದ ಪಾಲಕರೆಲ್ಲ ಆರ್ಟ್ಸಿನ ಕಡೆ ಮುಖ ಮಾಡಿದರು.

ಬಂದವರು ಒಬ್ಬರೇ, ಕೆಂಪು ಬಾಳೆ ಬೆಳೆಯುವ ಒಬ್ಬ ರೈತರು. ಜೊತೆಗೆ ಹತ್ತನೇ ಇಯತ್ತೆ ಮುಗಿಸಿದ ಮಗಳು, ಕೈಯಲ್ಲಿ ಒಂದು ದೊಡ್ಡ ಚಿಪ್ಪು ಹಣ್ಣು.

"ಸರ, ಈಕಿಗಿ ಸೈನ್ಸೇ ಬೇಕಂತ. ಇಲ್ಲಿ ಇದ್ರ ಓದಸ್ತೀನಿ. ದಿನಾ ಕಲಬುರಗಿಗಿ ಕಳಸೂದು ನಮ್ಮ ಮನ್ಯಾಗ ಒಪ್ಪೂದಿಲ್ಲ. ಇಲ್ಲಿ ಸೈನ್ಸ್ ಉಳೀತದೇನ್ರಿ?"

ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. "ಉಳೀತದವ್ವಾ," ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ ನನಗೇ ಗೊತ್ತಿಲ್ಲ.

ಆ ಸಂಜೆ ದುಃಖ ಮರೆಯಲು ಒಂದು ಕಿತಾಪತಿ ಮಾಡಿದೆ. ನಮ್ಮ ಇತಿಹಾಸದ ಸರ್ ಕೂಡ ಕಲಬುರಗಿಯವರೇ. ರೈತರು ಕೊಟ್ಟುಹೋದ ಹಣ್ಣಿನ ಚಿಪ್ಪನ್ನು ಅವರಿಗೆ ಗೊತ್ತಾಗದಂತೆ ಅವರದೇ ಚೀಲದಲ್ಲಿ ಇಟ್ಟೆ. ಹೊರುವುದು ಅವರು, ತಿನ್ನುವುದು ನಾನು. ಬಸ್ಸಿನಲ್ಲಿ ನನಗೆ ಮುಂದೆ ಸೀಟು ಸಿಕ್ಕಿತು, ಅವರಿಗೆ ಹಿಂದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಗುಟ್ಟು ಬಿಚ್ಚಿದೆ: "ಬ್ಯಾಸರ ಮಾಡ್ಕೋಬ್ಯಾಡ್ರಿ ಸರ. ಭಾರ ಹೊತ್ತು ಸಮತಟ್ಟು ದಾರಿಯಲ್ಲಿ ಹೋದ್ರ ಗುರುತ್ವದ ವಿರುದ್ಧ ಮಾಡಿದ ಕೆಲಸ ಸೊನ್ನೆ. ನೀವು ಏನೂ ಮಾಡಿಲ್ಲ. ಹಣ್ಣು ಕೊಡ್ರಿ."

ಅವರು ಚೀಲ ಬಿಚ್ಚಿ ತೋರಿಸಿದರು. ಒಳಗೆ ಬರೀ ಸಿಪ್ಪೆ.

"ಕೆಲಸ ಸೊನ್ನೆ ಖರೇ ಸರ," ಅಂದರು, "ಹಸಿವಿಗಿ ಅದು ಗೊತ್ತಾಗಲಿಲ್ಲ ನೋಡ್ರಿ."

ಗಂಜಿನಲ್ಲಿ

ಕೊನೆಗೆ ನಾನೊಂದು ಉಪಾಯ ಹೂಡಿದೆ. ಪಾಲಕರನ್ನೆಲ್ಲ ಕರೆದು ಒಂದು ಪ್ರಯೋಗ ತೋರಿಸುವುದು. ತೊಲೆಗೆ ಹಗ್ಗ ಕಟ್ಟಿ ಭಾರದ ಚೀಲ ತೂಗುಹಾಕಬೇಕು. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತು ಚೀಲವನ್ನು ಮೂಗಿನ ತನಕ ಎಳೆದುಕೊಂಡು ಸುಮ್ಮನೆ ಕೈಬಿಡಬೇಕು. ಚೀಲ ಆ ಕಡೆ ಹೋಗಿ ಬೀಸಿ ಬಂದು ಮೂಗಿನ ಹತ್ತಿರವೇ ನಿಲ್ಲುತ್ತದೆ, ಮುಟ್ಟುವುದಿಲ್ಲ. ಬಿಟ್ಟಾಗ ಇದ್ದಷ್ಟೇ ಶಕ್ತಿ. ಹೆಚ್ಚಿನದು ಎಲ್ಲಿಂದ ಬರಬೇಕು?

ಚೀಲಕ್ಕಾಗಿ ಕಲಬುರಗಿಯ ಕಾಳಿನ ಪೇಟೆ ನೆಹರು ಗಂಜಿಗೆ ಹೋದೆ. ಪರಿಚಯದ ಅಡತಿ ಅಂಗಡಿಯ ಸಾಹುಕಾರರು ಅರ್ಧ ಚೀಲ ತೊಗರಿ ಕಡ ಕೊಡಲು ಒಪ್ಪಿ, ಯಾಕೆ ಎಂದು ಕೇಳಿದರು. ಹೇಳಿದೆ.

ಅವರು ಬಹಳ ಹೊತ್ತು ನನ್ನ ಮೂಗನ್ನೇ ನೋಡಿದರು. "ಮಾಸ್ತರ್ ಸಾಬ್, ತೊಗರಿ ಒಡದ್ರ ಬ್ಯಾಳಿ ಆಗ್ತದ. ಅದು ಒಡದ್ರ ಏನ್ ಆಗ್ತದ?"

ಉದ್ಘಾಟನೆ

ನಮ್ಮ ಕಡೆ ಉದ್ಘಾಟನೆ ಇಲ್ಲದೆ ಸೊಳ್ಳೆಯೂ ಕಚ್ಚುವುದಿಲ್ಲ. ಪ್ರಾಂಶುಪಾಲರು ನನ್ನನ್ನು ಕೇಳದೆಯೇ ಊರಿನ ಹಿರಿಯ ಗುತ್ತಿಗೆದಾರರೊಬ್ಬರನ್ನು ಮುಖ್ಯ ಅತಿಥಿಯಾಗಿ ಕರೆಸಿದ್ದರು. ಚೀಲಕ್ಕೆ ಕುಂಕುಮ ಹಚ್ಚಿಯಾಯಿತು, ಮಾಲೆ ಹಾಕಿಯಾಯಿತು. ಅತಿಥಿಗಳ ತಲೆಗೆ ಪಟಕಾ ಸುತ್ತಿ ಶಾಲು ಹೊದಿಸಿದರು. ಸಭೆ ತುಂಬಿತ್ತು. ಮೊದಲ ಸಾಲಿನಲ್ಲಿ ಬಾಳೆಯ ರೈತರು, ಅವರ ಮಗಳು.

ನಾನು ಗೋಡೆಗೆ ಆತು ನಿಂತು ಘೋಷಿಸಿದೆ: "ನಾನು ಒಂದು ಕೂದಲೆಳೆಯಷ್ಟೂ ಅಲುಗಾಡುವುದಿಲ್ಲ. ಅಲುಗಾಡಿದರೆ ಭೌತಶಾಸ್ತ್ರವೇ ಸುಳ್ಳು!" ಚಪ್ಪಾಳೆ ಬಿತ್ತು. ಚೀಲ ಎಳೆದು ಮೂಗಿಗೆ ಹಿಡಿದೆ.

ಆಗ ಮೈಕಿನಲ್ಲಿ ಪ್ರಾಂಶುಪಾಲರು: "ಈಗ ಮುಖ್ಯ ಅತಿಥಿಗಳು ತಮ್ಮ ಅಮೃತ ಹಸ್ತದಿಂದ ಪ್ರಯೋಗಕ್ಕೆ ಚಾಲನೆ ನೀಡಬೇಕು."

ಹಿರಿಯರು ಬಂದು ಚೀಲದ ಮೇಲೆ ಕೈ ಇಟ್ಟರು. ನಾನು ಪಿಸುಗುಟ್ಟಿದೆ: "ಯಜಮಾನ್ರೇ, ತಳ್ಳಬ್ಯಾಡ್ರಿ. ಬರೇ ಕೈ ಬಿಡ್ರಿ, ಸಾಕು."

ಅವರ ಮುಖ ಗಂಟಾಯಿತು. "ಪಟಕಾ ಸುತ್ತೀರಿ, ಶಾಲು ಹೊಚ್ಚೀರಿ, ಬರೇ ಬಿಡಾಕ ಕರಿಸೀರೇನ್ರಿ ನನಗ? ಮಂದಿ ಏನ್ ಅಂತಾರ?"

ಪಟಕಾದ ತೂಕಕ್ಕೆ ತಕ್ಕಂತೆ, ಎರಡೂ ಕೈಯಿಂದ, ತಳ್ಳಿದರು.

ಚೀಲ ಹೋಯಿತು. ಅದು ಆ ತುದಿಗೆ ಏರಿ ತಿರುಗುವಷ್ಟರಲ್ಲಿ ನಾನು ಪೂರ್ತಿ ಲೆಕ್ಕ ಮುಗಿಸಿದ್ದೆ. ಅವರು ಮಾಡಿದ ಕೆಲಸವೆಲ್ಲ ಚೀಲಕ್ಕೆ ಶಕ್ತಿಯಾಗಿ ಸೇರಿದೆ, ಈಗ ಅದು ಬರಬೇಕಾದ ವಿಳಾಸ ನನ್ನದು. ಆದರೂ ನಾನು ಅಲುಗಾಡಲಿಲ್ಲ. ಅದು ನನ್ನ ವಿಜ್ಞಾನನಿಷ್ಠೆ. ಹೆದರಿ ಕಾಲೇ ಏಳಲಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಆಕೆ ಅಲ್ಲಿರಲಿಲ್ಲ.

ಕಣ್ಣು ಬಿಟ್ಟಾಗ ನಾನು ನೆಲದ ಮೇಲಿದ್ದೆ. ಮೂಗಿನಿಂದ ರಕ್ತ. ನನ್ನ ವಿಭಾಗ ಮುಗಿಯಿತು, ಆ ಹುಡುಗಿಯ ಓದೂ ಮುಗಿಯಿತು ಅಂದುಕೊಂಡೆ.

"ನಾ ಮೆಲ್ಲಕ ತಳ್ಳೀನ್ರಿ," ಅಂದರು ಹಿರಿಯರು. "ಜೋರಾಗಿ ಬಂದದ್ದು ಇವರ ಸೈನ್ಸು!"

ಮೊದಲ ಸಾಲಿನಲ್ಲಿ ಹುಡುಗಿ ಎದ್ದು ನಿಂತಳು. "ಹಂಗಲ್ರಿ ಅಜ್ಜಾರ. ನೀವು ಎಷ್ಟು ಕೊಟ್ರೋ ಅಷ್ಟೇ ಬಂತು. ಸರ್ ಹೇಳಿದ್ದು ಬರೊಬ್ಬರಿ ಅದ."

ಅವಳ ಅಪ್ಪ ನನ್ನನ್ನು ಎಬ್ಬಿಸಿ ಕೂರಿಸಿ ಹೇಳಿದರು: "ಈಕಿ ಹೆಸರು ಬರಕೋರಿ ಸರ. ಆದ್ರ ಎಲ್ಲಿ ನಿಂದ್ರಬಾರದು ಅನ್ನೂದು ಮೊದಲ ಕಲಸ್ರಿ."

ಮರುದಿನ ಮೂಗಿಗೆ ಪಟ್ಟಿ ಕಟ್ಟಿಕೊಂಡು ಕಾಲೇಜಿಗೆ ಹೋದರೆ ಸೈನ್ಸ್ ಅರ್ಜಿಗೆ ಸಾಲು ಗೇಟಿನ ಹೊರಗೆ ಬಂದಿತ್ತು. ಪ್ರಾಂಶುಪಾಲರಿಗೆ ಕುಣಿಯುವುದೊಂದೇ ಬಾಕಿ. ವಿಭಾಗ ಉಳಿಯಿತು. ನನಗೆ ಕಣ್ಣು ತುಂಬಿ ಬಂತು. ಊರಿಗೆ ಕೊನೆಗೂ ವಿಜ್ಞಾನದ ರುಚಿ ಹತ್ತಿತಲ್ಲ!

ಮೊದಲ ದಿನದ ತರಗತಿಯಲ್ಲಿ ಕೂಡಲು ಜಾಗವಿರಲಿಲ್ಲ. "ಪ್ರಶ್ನೆ ಏನಾರ ಇದ್ರ ಕೇಳ್ರಿ," ಅಂದೆ. ಹಿಂದಿನ ಬೆಂಚಿನಿಂದ ಒಬ್ಬ ಬಹಳ ಶ್ರದ್ಧೆಯಿಂದ ಕೈ ಎತ್ತಿದ.

"ಸರ, ಮುಂದ ಕರೆಂಟಿನ ಪಾಠ ಅದಂತಲ್ರಿ. ಅದರ ಸ್ವಿಚ್ ಒತ್ತಾಕೂ ಆ ಯಜಮಾನ್ರನ್ನೇ ಕರಸ್ತೀರೇನ್ರಿ?"