ಮಾಮನ ಹತ್ತಿರ ಉಳಿದ ಒಂದೇ ಟೇಪು

ಗಜೇಂದ್ರಗಡದ ನಮ್ಮ ಸೋದರಮಾವ ಮನುಷ್ಯರ ಮುಖವನ್ನು ನೋಡುವುದೇ ಇಲ್ಲ. ಆ ಮುಖದ ಮೇಲೆ ಬೆಳಕು ಎಲ್ಲಿಂದ ಬಿದ್ದಿದೆ ಎಂಬುದನ್ನಷ್ಟೇ ನೋಡುತ್ತಾನೆ. ಸುಳ್ಳೆಂದಿರಾ? ಸೂಡಿಯಲ್ಲಿ ಬೀಗರೊಬ್ಬರು ತೀರಿಕೊಂಡಾಗ ಮಾತನಾಡಿಸಲು ಹೋದವನು, ಅಳುತ್ತ ಕೂತಿದ್ದ ಹಿರಿಮಗನಿಗೆ, "ತಮ್ಮಾ, ಸ್ವಲ್ಪ ಬಾಗಲ ಕಡೆ ತಿರುಗು, ಅರ್ಧಾ ಮಾರಿ ಕತ್ತಲ್ಯಾಗೈತಿ" ಎಂದಿದ್ದ. ಪಾಪ, ಆ ಮಗ ತಿರುಗಿ ಕೂತೇ ಅತ್ತ!

ಮಾಮ ವಿಡಿಯೋದವನು. ಸುತ್ತಲಿನ ಊರುಗಳಲ್ಲಿ ವರ್ಷಗಟ್ಟಲೆ ಲಗ್ನದ ವಿಡಿಯೋ ತೆಗೆದ. ಲೈಟು ಹಿಡಿಯುವವಳು ಅವನ ಹೆಂಡತಿ, ನಮ್ಮ ಅತ್ತೆ. ಮದುಮಗಳ ಕೋಣೆಯೊಳಗೆ ಇನ್ನೊಬ್ಬ ಗಂಡಸು ಬಂದರೆ ಹೆಂಗಸರು ಬೈಯುತ್ತಾರೆಂದು ಒಂದು ದಿನದ ಮಟ್ಟಿಗೆ ಕರೆದೊಯ್ದಿದ್ದ; ಅವಳು ಆಮೇಲೆ ಲೈಟು ಬಿಡಲೇ ಇಲ್ಲ. ಕೈಯಲ್ಲಿ ಲೈಟು, ಬಾಯಲ್ಲಿ ಹುಕುಂ. ಆದರೆ ಲೈಟು ಯಾವಾಗಲೂ ಕ್ಯಾಮೆರಾದ ಹಿಂದೆ. ಹೀಗಾಗಿ ಯಾವ ಲಗ್ನದಲ್ಲೂ ಅತ್ತೆಯ ಮುಖವಿಲ್ಲ. ದನಿಯಾದರೂ ಇರಬೇಕಲ್ಲ? ಅದೂ ಇಲ್ಲ. ಮಂಟಪದ ಗದ್ದಲ ತೆಗೆದುಹಾಕಿ ಸಿನಿಮಾ ಹಾಡು ಹಚ್ಚಿದರೇ ಬೀಗರಿಗೆ ಸಮಾಧಾನ. ಸಿಡಿ ಕೊಟ್ಟ ಮೇಲೆ ಅದೇ ಟೇಪಿನ ಮೇಲೆ ಮುಂದಿನ ಲಗ್ನ. ಅಳಿಸದೆ ಉಳಿದದ್ದು ಒಂದೇ ಟೇಪು, ನರಗುಂದದಲ್ಲಿ ಆದ ನನ್ನ ಲಗ್ನದ್ದು. "ಇದರ ಮ್ಯಾಲ ಇನ್ನೊಬ್ಬರ ಲಗ್ನಾ ಹಾಕಿದ್ರ ನೋಡ್ರಿ ಮತ್ತ!" ಎಂದು ಅತ್ತೆ ಅದನ್ನು ಸೀರೆಯ ಟ್ರಂಕಿನಲ್ಲಿಟ್ಟಿದ್ದಳು.

ಹೋದ ವರ್ಷ ಅತ್ತೆಗೆ ಲಕ್ವಾ ಹೊಡೆಯಿತು. ಈಗ ಮನೆಯೊಳಗೆ ಓಡಾಡುತ್ತಾಳೆ. ಬಲಗೈ ಏಳುವುದಿಲ್ಲ, ಮಾತು ಮರಳಿಲ್ಲ. ರೋಣದ ಸಾಲಿಯಲ್ಲಿ ಕಂಪ್ಯೂಟರ್ ಕಲಿಸುವ ನನಗೆ ಮಾಮನ ಫೋನು ಬಂತು.

"ದವಾಖಾನಿಯವರು ಆಕಿ ಜೋಡಿ ಭಾಳ ಮಾತಾಡ್ರಿ ಅಂದಾರವಾ. ನಾ ಏನ್ ಮಾತಾಡ್ಲಿ? ಈ ಮನ್ಯಾಗ ಮಾತಾಡಾಕಿ ಆಕಿ ಒಬ್ಬಾಕಿನ! ಆಕಿ ದನಿ ಆಕಿಗೇ ಕೇಳಸ್ತೀನಿ. ಟೇಪ್ ಕಂಪ್ಯೂಟರಿಗೆ ಹಾಕಬೇಕು, ಲಗೂ ಬಾ."

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಹೋದೆ. ಕ್ಯಾಮೆರಾವನ್ನು ಯುಎಸ್‌ಬಿ ಕೇಬಲ್ಲಿನಿಂದ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದರೆ ಅದರ ಮೆಮೊರಿ ಕಾರ್ಡಿನಲ್ಲಿದ್ದ ಎರಡು ಫೋಟೋ ಬಂದವು. ಎರಡರಲ್ಲೂ ಮಾಮನ ಹೆಬ್ಬೆರಳು! ಟೇಪಿನಲ್ಲಿರುವುದು ಆ ಕೇಬಲ್ಲಿನಲ್ಲಿ ಬರುವುದಿಲ್ಲ. ಅದಕ್ಕೆ ಫೈರ್‌ವೈರ್ ಎಂಬ ಬೇರೆ ಕೇಬಲ್ಲು, ಬೇರೆ ತೂತು. ಲ್ಯಾಪ್‌ಟಾಪನ್ನು ನಾಲ್ಕೂ ಕಡೆ ತಿರುಗಿಸಿ ನೋಡಿದ ಮಾಮ, "ತೆಳ್ಳಗ ಮಾಡೋ ಗದ್ದಲದಾಗ ತೂತ ಇಡೂದ ಮರತಾರಲ್ಲ!" ಎಂದು ಅದನ್ನು ನನ್ನ ಕೈಗೇ ಕೊಟ್ಟ.

ಅಟ್ಟದಿಂದ ಅವನ ಹಳೆಯ ಕಂಪ್ಯೂಟರ್ ಇಳಿಯಿತು. ಆ ತೂತು ಅದರಲ್ಲಿತ್ತು. ಅದು ಏಳುವಷ್ಟರಲ್ಲಿ ನಾವು ಎರಡು ಸಲ ಚಹಾ ಕುಡಿದೆವು. ಅಷ್ಟರಲ್ಲಿ ಕ್ಯಾಮೆರಾ ಹಟ ಹಿಡಿಯಿತು: ಟೇಪು ಹಾಕಿದರೆ ಒಳಗೆಳೆದುಕೊಂಡು ಹೊರಗೆ ಉಗುಳುತ್ತದೆ. ಟಾರ್ಚು ಬಿಟ್ಟು ನೋಡಿದರೆ ಒಳಗೊಂದು ಹಳದಿ ಅಕ್ಕಿಕಾಳು! ಯಾವ ಮಂಟಪದಲ್ಲಿ ಯಾರ ತಲೆಗೆ ಎಸೆದದ್ದೋ ಏನೋ. ಮಾಮ ಅದನ್ನು ಚಿಮಟದಿಂದ ತೆಗೆದು ಭಕ್ತಿಯಿಂದ ಕಂಪ್ಯೂಟರಿನ ನೆತ್ತಿಗೆ ಹಾಕಿದ. "ಇವತ್ತ ಆಶೀರ್ವಾದ ಬೇಕಾಗಿರೂದು ಇವಂಗ."

ಟೇಪು ಓಡಿತು. ಆದರೆ ಚಿತ್ರವೆಲ್ಲ ಚೌಕ ಚೌಕ, ನಮ್ಮ ಯಜಮಾನರ ಮುಖ ನಾಲ್ಕು ಹೋಳು. ಟೇಪು ಓದುವ ಹೆಡ್ಡಿಗೆ ಧೂಳು ಕೂತಿದೆಯೆಂದು ಮಾಮ ಕ್ಲೀನಿಂಗ್ ಟೇಪು ಓಡಿಸಿದ. ಲಗ್ನದ ಟೇಪನ್ನು ಒಮ್ಮೆ ತುದಿಯವರೆಗೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿದ. "ಭಾಳ ವರ್ಷ ಮಲಗೈತಿ, ಕೈಕಾಲ ಸಡ್ಲ ಮಾಡ್ಕೊಳ್ಳಲಿ." ಯಜಮಾನರು ಸ್ವಚ್ಛವಾಗಿ ಮೂಡಿದರು. ಚೌಕವೇ ಚಲೋ ಇತ್ತು ಅನ್ನಿಸಿತು, ಅದಿರಲಿ.

ಎಲ್ಲ ಬಂತು, ಸದ್ದೊಂದು ಬರಲಿಲ್ಲ. ಕ್ಯಾಮೆರಾದ ಸ್ಪೀಕರ್ ಎಂದೋ ಕೆಟ್ಟುಹೋಗಿತ್ತು, ಕಂಪ್ಯೂಟರಿನಿಂದಲೇ ಕೇಳಬೇಕು. ಸ್ಪೀಕರ್ ಬದಲಿಸಿದೆವು, ಕೇಬಲ್ ಬದಲಿಸಿದೆವು, ಕಂಪ್ಯೂಟರನ್ನು ಮೂರು ಸಲ ಆರಿಸಿ ಹೊತ್ತಿಸಿದೆವು. ಊಹ್ಞೂಂ!

"ಮಾಮಾ, ಟೇಪಿನ್ಯಾಗ ಸದ್ದು ಅಳಿಸಿ ಹೋಗಿರಬೇಕ್ರಿ" ಎಂದೆ. ಅನ್ನಬಾರದಿತ್ತು.

ಮಾಮ ನೆಲಕ್ಕೆ ಕೂತ. "ಅಷ್ಟೂ ಲಗ್ನದಾಗಿನ ಆಕಿ ದನಿ ನಾನ ಕೈಯಾರೆ ತಗದು ಹಾಡ ಹಚ್ಚೀನಿ. ಇದೊಂದರಾಗರ ಉಳದೈತಿ ಅನ್ಕೊಂಡಿದ್ದೆ" ಎಂದ. ಮೊದಲ ಸಲ ಅವನಿಗೆ ವಯಸ್ಸಾದಂತೆ ಕಂಡಿತು.

ಅವನ ಮುಖ ನೋಡಲಾರದೆ ಕಂಪ್ಯೂಟರಿನ ಸೆಟ್ಟಿಂಗು ತೆಗೆದೆ. ಅಲ್ಲೊಂದು ಸಾಲು: 'ವಿಡಿಯೋ ಓನ್ಲಿ'. ಚಿತ್ರವಷ್ಟೇ ಸಾಕು, ಸದ್ದು ಬೇಡ ಎಂಬ ಅಪ್ಪಣೆ. ಎದುರಿಗೆ ಟಿಕ್ಕು ಬಿದ್ದಿದೆ!

"ಮಾಮಾ, ಇದನ್ನ ಯಾರು ಹಾಕ್ಯಾರ್ರಿ?"

"ನಾನ ಹಾಕಿದ್ದು. ಹ್ಯಾಂಗಿದ್ರೂ ಹಾಡ ಹಚ್ಚೋದು, ಸದ್ದು ಯಾಕ ಒಳಗ..." ಮಾಮ ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡ. ಎಂದೋ ಕೊಟ್ಟ ಅಪ್ಪಣೆಯನ್ನು ಆ ಕಂಪ್ಯೂಟರ್ ಅಟ್ಟದ ಮೇಲೂ ಮರೆತಿರಲಿಲ್ಲ.

ಟಿಕ್ಕು ತೆಗೆದು, ಟೇಪನ್ನು ಮತ್ತೆ ಮೊದಲಿಗೆ ಸುತ್ತಿ ಬಿಟ್ಟೆ. ಮೊದಲು ಬಾಜಾ ಭಜಂತ್ರಿ, ಮಕ್ಕಳ ಕೂಗು. ಆಮೇಲೆ ಎಲ್ಲಕ್ಕಿಂತ ಹತ್ತಿರದಿಂದ, ಎಲ್ಲಕ್ಕಿಂತ ಜೋರಾಗಿ: "ರೀ! ಹಿಂದ ಸರೀರಿ! ಹುಡಿಗಿ ಮಾರಿ ಮ್ಯಾಲ ನಿಮ್ಮ ನೆರಳ ಬಿದ್ದೈತಿ!"

ಮೂಲೆಯಲ್ಲಿ ಕೂತು ಎಡಗೈಯಿಂದ ಹೆಸರುಕಾಳು ಹಸನು ಮಾಡುತ್ತಿದ್ದ ಅತ್ತೆ ತಲೆಯೆತ್ತಿದಳು. ಮಾಮ ಗಡಬಡಿಸಿ ಎದ್ದು ಅವಳೆದುರು ಹೋಗಿ ನಿಂತ. ಕಿಟಕಿಗೆ ಅಡ್ಡ.

ಟೇಪಿನಲ್ಲಿ ಬೈಗಳು ನಡೆದೇ ಇತ್ತು. ಅತ್ತೆಯ ತುಟಿ ಅಲುಗಿತು, ಮಾತು ಬರಲಿಲ್ಲ. ಎಡಗೈ ಎತ್ತಿ, ಹಿಂದೆ ಸರಿಯಿರಿ ಎಂದು ಎರಡು ಸಲ ಬೀಸಿದಳು.

ಮಾಮ ಒಂದು ಹೆಜ್ಜೆ ಹಿಂದೆ ಸರಿದ. ಕಿಟಕಿಯ ಬೆಳಕು ಅತ್ತೆಯ ಮುಖದ ಮೇಲೆ ಪೂರಾ ಬಿತ್ತು. ಮಾಮ ಮಾತ್ರ ಬೆಳಕನ್ನು ನೋಡುತ್ತಿರಲಿಲ್ಲ.