ಮಾಮಾನ ಕ್ಯಾಲ್ಕುಲೇಟರಿಗೊಂದು ಜೋಡಿ

ಮಗನಿಗೆ ಹೆಣ್ಣು ಹುಡುಕುವವರೂ ನಮ್ಮ ಸೋದರಮಾವ ತಿರುಗಿದಷ್ಟು ಊರು ತಿರುಗಿರಲಿಕ್ಕಿಲ್ಲ. ಅವರು ಜೋಡಿ ಹುಡುಕುತ್ತಿದ್ದುದು ಒಂದು ಕ್ಯಾಲ್ಕುಲೇಟರಿಗೆ!

ಗಜೇಂದ್ರಗಡದಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಮಾನ ಬಳಿ ಇಟ್ಟಿಗೆಯಷ್ಟು ದಪ್ಪದ ಹಳೆಯ ಕ್ಯಾಲ್ಕುಲೇಟರ್ ಇತ್ತು. ಬ್ಯಾಟರಿ ತೆಗೆದು ಎರಡು ನಿಮಿಷದೊಳಗೆ ಹೊಸದು ಹಾಕದಿದ್ದರೆ ಅದರ ನೆನಪೆಲ್ಲ ಅಳಿಸಿಹೋಗುತ್ತಿತ್ತು. ಆ ನೆನಪನ್ನು ಕಾರ್ಡಿನ ಮೇಲೆ ಇಳಿಸಿಡುವ ಪೆಟ್ಟಿಗೆಯೊಂದು ಅದರ ಬೆನ್ನಿಗೆ ಕೂಡುತ್ತದಂತೆ. ಅದನ್ನು ತಯಾರಿಸುವುದು ನಿಂತು ಯಾವ ಕಾಲವಾಯಿತೋ! ಮಾಮಾ ಬಿಡಬೇಕಲ್ಲ? ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿದರು. ನರಗುಂದದ ರೇಡಿಯೋ ರಿಪೇರಿಯವನು "ಖಾತ್ರಿ ಮಾಲ್ರಿ ಸರ" ಎಂದು ಕೊಟ್ಟದ್ದನ್ನು ಬಿಚ್ಚಿದರೆ ಗಡ್ಡ ಹೆರೆಯುವ ಯಂತ್ರದ ಚಾರ್ಜರ್!

ಅಂಥದ್ದೇನಿತ್ತು ಆ ನೆನಪಿನಲ್ಲಿ? ಅತ್ತೆಯ ಸೀರೆಯ ಅಂಚುಗಳು. ಮಗ್ಗದಲ್ಲಿ ಕೂತು ಅತ್ತೆ ಎಳೆಗಳ ಲೆಕ್ಕ ಕೂಗುತ್ತಿದ್ದರು, ಮಾಮಾ ಒತ್ತಿಕೊಳ್ಳುತ್ತಿದ್ದರು. ಹನ್ನೊಂದು ಅಂಚು ಮುಗಿಯುವಷ್ಟರಲ್ಲಿ ಅತ್ತೆ ತೀರಿಕೊಂಡರು.

ರೋಣದಲ್ಲಿ ಆಗಷ್ಟೇ ಕಂಪ್ಯೂಟರ್ ಕ್ಲಾಸು ತೆರೆದಿದ್ದ ನನಗೆ ನಗುವೋ ನಗು.

"ಮಾಮಾ, ಒಂದು ಸಿಡ್ಯಾಗ ಗಜೇಂದ್ರಗಡದ ಸೀರಿ ಎಲ್ಲಾ ಕುಂದ್ರತಾವ್ರಿ!"

"ಅಕಿ ಹೇಳಿದ್ದು ಇದರ ಮುಂದ. ಇದರ ಕಡಿಂದನ ಇಳೀಲಿ."

ಒಂದು ಮಧ್ಯಾಹ್ನ ಅವರ ಮನೆಗೆ ಹೋದಾಗ ಮಾಮಾ ಮಲಗಿದ್ದರು. ಬ್ಯಾಟರಿ ಸೋರುತ್ತಿತ್ತು. ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ ಅದನ್ನು ತೆಗೆದು ಹೊಸದು ತರಲು ಹೋದೆ. ಎದುರಿಗೆ ಬಿಸಿ ಮಿರ್ಚಿ ಕರಿಯುತ್ತಿದ್ದರು. ಎರಡು ತಿಂದೆ, ಚಹಾನೂ ಕುಡಿದೆ. ಬಂದು ಬ್ಯಾಟರಿ ಹಾಕಿದರೆ ಬರೀ ಸೊನ್ನೆ! ಮಾಮಾ ನೂರು ಸಲ ಹೇಳಿದ್ದರು, ನಾನು ನೂರು ಸಲವೂ ನಗುತ್ತಲೇ ಕೇಳಿದ್ದೆ.

ಎಂಟೇ ದಿನಕ್ಕೆ ಪುಣೆಯಿಂದ ಪಾರ್ಸಲ್ಲಿನಲ್ಲಿ ಆ ಪೆಟ್ಟಿಗೆ ಬಂತು. ಖರೇ ಪೆಟ್ಟಿಗೆ!

ನಡೆದದ್ದು ತಿಳಿದೂ ಮಾಮಾ ಬೈಯಲಿಲ್ಲ. ಬೈದಿದ್ದರೆ ನನಗೆಷ್ಟೋ ಹಗುರವಾಗುತ್ತಿತ್ತು. ಪೆಟ್ಟಿಗೆಯನ್ನು ಕ್ಯಾಲ್ಕುಲೇಟರಿನ ಬೆನ್ನಿಗೆ ಕೂಡಿಸಿ, ಟ್ರಂಕಿನಿಂದ ಅತ್ತೆಯ ಸೀರೆಯೊಂದನ್ನು ತೆಗೆದರು. ನೇಯ್ದ ಹನ್ನೊಂದರಲ್ಲಿ ಮನೆಯಲ್ಲಿ ಉಳಿದದ್ದು ಅದೊಂದೇ. ಮಿಕ್ಕವು ಮಾರಿಹೋಗಿ ಯಾರ ಮನೆ ಸೇರಿದವೋ. ಅಂಚಿನ ಮೇಲೆ ಭೂತಗನ್ನಡಿ ಹಿಡಿದು ಹೇಳಿದರು:

"ನಾ ಎಣಸ್ತೀನಿ, ನೀ ಒತ್ತು ಅಳಿಯಾ."

ಒತ್ತುತ್ತಾ ಹೋದೆ. ಒಂದು ಹೂವಿನ ಬಳಿ ಮಾಮಾ ನಿಂತರು.

"ಇಲ್ಲೆ ಒಂದು ಎಳಿ ಹೆಚ್ಚಾಗೇತಿ."

"ತಪ್ಪಲ್ರಿ ಮಾಮಾ? ತಿದ್ದಲೇನ್ರಿ?"

"ಬ್ಯಾಡ. ಅವತ್ತ ನಾ ಏನೋ ಅಂದು ಅಕಿನ್ನ ನಗಿಸಿದ್ದೆ. ಹಂಗ ಒತ್ತು."

ಹಾಗೇ ಒತ್ತಿದೆ. ಉಳಿದ ಹತ್ತು ಅಂಚುಗಳಲ್ಲಿ ಅತ್ತೆ ಎಲ್ಲೆಲ್ಲಿ ನಕ್ಕಿದ್ದರೋ, ಈಗ ಯಾರಿಗೆ ಗೊತ್ತು?